ಬೆಳಕು ಚೆಲ್ಲುತ್ತಾ ಕುಸಿಯುವ ನಕ್ಷತ್ರದ ಲೆಕ್ಕವನ್ನು ನೀವೇ ಮಾಡುವುದು ಹೇಗೆ

ಕುಸಿಯುವ ನಕ್ಷತ್ರ ಅಂದ ಕೂಡಲೇ ಎಲ್ಲರೂ 1939ರ ಆಪನ್‌ಹೈಮರ್–ಸ್ನೈಡರ್ ಲೆಕ್ಕದಿಂದ ಶುರು ಮಾಡುತ್ತಾರೆ. ಒತ್ತಡವೇ ಇಲ್ಲದ ಧೂಳಿನ ಉಂಡೆ. ಒಳಗೆ ಧೂಳು ಕುಸಿಯುತ್ತದೆ, ಹೊರಗೆ ಶ್ವಾರ್ಜ್‌ಶಿಲ್ಡ್ ಮೆಟ್ರಿಕ್ (ಮೆಟ್ರಿಕ್ ಅಂದರೆ ದೇಶಕಾಲದಲ್ಲಿ ದೂರ ಅಳೆಯುವ ಸೂತ್ರ) ಇರುತ್ತದೆ, ಕೊನೆಗೆ ಕಪ್ಪುಕುಳಿ. ಲೆಕ್ಕ ಚೆಂದವಾಗಿದೆ, ಕಲಿಯಲೇಬೇಕು. ಆದರೆ ಆ ಉಂಡೆ ಒಂದು ಹನಿ ಬೆಳಕನ್ನೂ ಹೊರಗೆ ಬಿಡುವುದಿಲ್ಲ. ನಿಜವಾದ ನಕ್ಷತ್ರ ಹಾಗಲ್ಲ. 1987ರ ಫೆಬ್ರವರಿ 23ರಂದು 1987ಎ ಸೂಪರ್‌ನೋವಾದ ನ್ಯೂಟ್ರಿನೊಗಳು (ಬೆಳಕಿನ ಹಾಗೇ ಶಕ್ತಿ ಹೊತ್ತೊಯ್ಯುವ, ವಸ್ತುವಿಗೆ ಅಷ್ಟಾಗಿ ತಾಕದ ಕಣಗಳು) ಭೂಮಿಯನ್ನು ಮುಟ್ಟಿದವು, ಮೂರು ಪತ್ತೆ ಯಂತ್ರಗಳಲ್ಲಿ ಸೇರಿ ಸಿಕ್ಕಿದ್ದು ಬರೀ ಎರಡು ಡಜನ್‌ನಷ್ಟು. ಅಷ್ಟರಿಂದಲೇ ಆ ಕುಸಿತ ಸುಮಾರು 3×10⁴⁶ ಜೂಲ್ ಶಕ್ತಿಯನ್ನು ಹೊರಹಾಕಿತ್ತು ಅಂತ ಗೊತ್ತಾಯಿತು. ಅಷ್ಟು ಶಕ್ತಿ ಹೋಯಿತು ಅಂದರೆ ದ್ರವ್ಯರಾಶಿಯೂ ಹೋಯಿತು ಅಂತ ತಾನೇ? ಹಾಗಾದರೆ ಹೊರಗಿನ ಗುರುತ್ವವೂ ಕಡಿಮೆಯಾಗುತ್ತಾ ಹೋಗಬೇಕು. ಅದನ್ನು ಲೆಕ್ಕಕ್ಕೆ ತರುವುದು ಹೇಗೆ ಅನ್ನುವುದೇ ಈ ಬರಹ.

ಕೈಲಿ ಪೆನ್ನು ಹಿಡಿದುಕೊಂಡೇ ಓದಿ. ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ. ನಿಮಗೆ ಮೊದಲೇ ಗೊತ್ತಿರಬೇಕಾದ್ದು ಇಷ್ಟು: ಮೆಟ್ರಿಕ್ ಅಂದರೇನು, ಐನ್‌ಸ್ಟೈನ್ ಸಮೀಕರಣದ ಎಡಬದಿಯಲ್ಲಿ ದೇಶಕಾಲದ ಬಾಗು ಬಲಬದಿಯಲ್ಲಿ ವಸ್ತು ಇರುತ್ತದೆ ಅನ್ನೋದು, ಮತ್ತು ಸಾಧಾರಣ ಡಿಫರೆನ್ಷಿಯಲ್ ಸಮೀಕರಣ ಬಿಡಿಸುವ ಅಭ್ಯಾಸ. ಕ್ರಿಸ್ಟೊಫೆಲ್ ಚಿಹ್ನೆಗಳನ್ನು (ಮೆಟ್ರಿಕ್‌ನಿಂದ ಬಾಗು ಲೆಕ್ಕ ಹಾಕಲು ಬೇಕಾದ ಉದ್ದುದ್ದ ಪದಗಳು) ಕೈಯಲ್ಲಿ ಲೆಕ್ಕ ಹಾಕುತ್ತಾ ಕೂರಬೇಡಿ. ಮ್ಯಾಕ್ಸಿಮಾ ಅಥವಾ ಸಿಂಪೈ ಅನ್ನುವ ಬೀಜಗಣಿತದ ಸಾಫ್ಟ್‌ವೇರ್‌ಗೆ ಕೊಡಿ. ಅದರಲ್ಲಿ ಪೌರುಷ ಏನೂ ಇಲ್ಲ.

ಒಂದು ಮಾತು. ಬೆಳಕಿನ ವೇಗ ಮತ್ತು ಗುರುತ್ವ ಸ್ಥಿರಾಂಕ ಎರಡನ್ನೂ 1 ಅಂತ ಇಟ್ಟುಕೊಳ್ಳುತ್ತೇನೆ. ಹೀಗೆ ಇಟ್ಟರೆ ಸೂರ್ಯನ ದ್ರವ್ಯರಾಶಿ ಅಂದರೆ 1.48 ಕಿಲೋಮೀಟರ್, ಅಥವಾ 4.93 ಮೈಕ್ರೊಸೆಕೆಂಡ್. ಮೊದಮೊದಲು ವಿಚಿತ್ರ ಅನಿಸುತ್ತದೆ, ಆಮೇಲೆ ಇದೇ ಅನುಕೂಲ.

ಮೊದಲು ಹೊರಗಡೆ

ಬಹಳ ಜನ ಒಳಗಿನಿಂದ ಶುರು ಮಾಡುತ್ತಾರೆ. ನಾನಾದರೆ ಹೊರಗಿನಿಂದ ಶುರು ಮಾಡಿ ಅಂತೀನಿ. ಕಾರಣ, ಹೊರಗೆ ಆಯ್ಕೆಯೇ ಇಲ್ಲ.

ನಕ್ಷತ್ರದ ಸುತ್ತ ಪೂರ್ತಿ ಖಾಲಿ ಜಾಗವಿದ್ದು, ಎಲ್ಲ ದಿಕ್ಕಿನಲ್ಲೂ ಒಂದೇ ಥರ ಇದ್ದರೆ, ಬರ್ಕಾಫ್ ಪ್ರಮೇಯದ ಪ್ರಕಾರ ಹೊರಗಿನದು ಶ್ವಾರ್ಜ್‌ಶಿಲ್ಡ್ ಮೆಟ್ರಿಕ್ಕೇ ಆಗಬೇಕು. ಅದರಲ್ಲಿ ದ್ರವ್ಯರಾಶಿ ಒಂದು ಸ್ಥಿರ ಸಂಖ್ಯೆ. ನಕ್ಷತ್ರ ಒಳಗೆ ಏನೇ ಕುಣಿದರೂ ಹೊರಗೆ ಆ ಸಂಖ್ಯೆ ಬದಲಾಗುವುದಿಲ್ಲ. ನಮ್ಮ ನಕ್ಷತ್ರದ ಹೊರಗೆ ಜಾಗ ಖಾಲಿ ಇಲ್ಲ, ಬೆಳಕು ಹರಿಯುತ್ತಿದೆ. ಹಾಗಾಗಿ ಶ್ವಾರ್ಜ್‌ಶಿಲ್ಡ್ ಇಲ್ಲಿ ನಡೆಯುವುದಿಲ್ಲ.

ನಡೆಯುವುದು ವೈದ್ಯ ಮೆಟ್ರಿಕ್. ಪ್ರಹ್ಲಾದ ಚುನಿಲಾಲ್ ವೈದ್ಯ ಅವರು ಬನಾರಸ್‌ನಲ್ಲಿ ವಿ. ವಿ. ನಾರ್ಳೀಕರ್ ಬಳಿ ಕಲಿತು 1943ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು, 1951ರಲ್ಲಿ ವಿಸ್ತಾರವಾಗಿ ಬರೆದರು. ಈ ಮೆಟ್ರಿಕ್‌ನ ಸಾರ ಹೇಳುವುದು ಸುಲಭ: ಶ್ವಾರ್ಜ್‌ಶಿಲ್ಡ್ ಮೆಟ್ರಿಕ್ಕನ್ನು ಸಾಮಾನ್ಯ ಕಾಲದಲ್ಲಿ ಬರೆಯದೆ, ಹೊರಗೆ ಹೋಗುತ್ತಿರುವ ಬೆಳಕಿನ ಕಿರಣಗಳ ಮೇಲೆ ಗುರುತು ಹಾಕುವ ಕಾಲದಲ್ಲಿ ಬರೆಯಿರಿ (ಅದನ್ನು ‘ಯು’ ಅನ್ನೋಣ), ಆಮೇಲೆ ದ್ರವ್ಯರಾಶಿಯನ್ನು ‘ಯು’ ಜೊತೆ ಬದಲಾಗಲು ಬಿಡಿ. ಅಷ್ಟೇ. ಐನ್‌ಸ್ಟೈನ್ ಸಮೀಕರಣಕ್ಕೆ ಹಾಕಿದರೆ ಬಲಬದಿಯಲ್ಲಿ ಬರುವುದು ನೇರವಾಗಿ ಹೊರಗೆ ಓಡುವ ಬೆಳಕು, ಬೇರೇನೂ ಇಲ್ಲ. ಅದರ ಸಾಂದ್ರತೆ ಅಂದರೆ ದ್ರವ್ಯರಾಶಿ ಇಳಿಯುವ ದರವನ್ನು ಗೋಳದ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿದ್ದು. ನೀವೇ ಊಹಿಸಬಹುದಾಗಿದ್ದ ಉತ್ತರ, ಅಲ್ವಾ?

ಇಲ್ಲಿ ಒಂದು ಹೊಂಡ ಇದೆ, ನಾನೇ ಬಿದ್ದಿದ್ದೇನೆ. ಒಳಗೆ ಬರುವ ಬೆಳಕಿಗೂ ಹೆಚ್ಚುಕಡಿಮೆ ಇದೇ ಮೆಟ್ರಿಕ್. ಒಂದೇ ಒಂದು ಚಿಹ್ನೆ ಬೇರೆ, ಕಾಲ ಮತ್ತು ತ್ರಿಜ್ಯ ಸೇರಿದ ಪದದ್ದು. ಒಂದು ಪುಸ್ತಕದಿಂದ ಮೆಟ್ರಿಕ್ ಎತ್ತಿ, ಇನ್ನೊಂದರಿಂದ ಸೇರಿಕೆಯ ಷರತ್ತು (ಒಳಗನ್ನೂ ಹೊರಗನ್ನೂ ಜೋಡಿಸುವ ನಿಯಮ) ಎತ್ತಿ, ಎರಡು ವಾರ ‘ನನ್ನ ನಕ್ಷತ್ರ ಯಾಕೆ ಬೆಳಕು ಕುಡಿಯುತ್ತಿದೆ’ ಅಂತ ತಲೆ ಕೆರೆದುಕೊಂಡಿದ್ದೆ. ಪರೀಕ್ಷೆ ಸುಲಭ: ಸಾಂದ್ರತೆ ಧನಾತ್ಮಕ ಆಗಬೇಕಾದರೆ ದ್ರವ್ಯರಾಶಿ ಇಳಿಯಬೇಕು ಅಂತ ಸಮೀಕರಣ ಹೇಳಿದರೆ ಬೆಳಕು ಹೊರಗೆ ಹೋಗುತ್ತಿದೆ. ಏರಬೇಕು ಅಂತ ಹೇಳಿದರೆ ನಿಮ್ಮ ಚಿಹ್ನೆ ತಪ್ಪು.

ಈಗ ಒಳಗೆ

ಒಳಗಿನ ಮೆಟ್ರಿಕ್‌ಗೆ ಎರಡು ಗುಣಕ ಇಡಿ. ಕಾಲದ ಮುಂದೆ ‘ಎ’, ಜಾಗದ ಮುಂದೆ ‘ಬಿ’. ಜಾಗದ ಮೂರೂ ದಿಕ್ಕಿಗೆ ಒಂದೇ ‘ಬಿ’ ಇಟ್ಟಿದ್ದೇವೆ ಅಂದರೆ ಕುಸಿತ ಎಲ್ಲ ಕಡೆಗೂ ಸಮ, ಪದರಗಳು ಒಂದರ ಪಕ್ಕ ಒಂದು ಜಾರುವುದಿಲ್ಲ. ಇದು ಸರಳೀಕರಣ. ಪ್ರಕೃತಿ ಹೀಗೇ ಮಾಡುತ್ತದೆ ಅಂತ ಯಾರೂ ಹೇಳಿಲ್ಲ. ನಾವು ಲೆಕ್ಕ ಮುಗಿಸಬೇಕು, ಅದಕ್ಕೆ ಹೀಗೆ.

ವಸ್ತು ಯಾವುದು? ಸಾಂದ್ರತೆ ಇದೆ, ಎಲ್ಲ ದಿಕ್ಕಿಗೂ ಸಮವಾದ ಒತ್ತಡ ಇದೆ, ಕೇಂದ್ರದಿಂದ ಹೊರಗೆ ಶಾಖದ ಹರಿವು ಇದೆ. ಈ ಶಾಖವೇ ಮೇಲ್ಮೈ ದಾಟಿ ಹೊರಗೆ ವೈದ್ಯ ಬೆಳಕಾಗುತ್ತದೆ. ಶಾಖ ಇಲ್ಲದೆ ಬರೀ ಒತ್ತಡದ ದ್ರವ ಇಟ್ಟರೆ ಹೊರಗೆ ಬೆಳಕು ಬರಲು ದಾರಿಯೇ ಇರುವುದಿಲ್ಲ.

ಒತ್ತಡ ಎಲ್ಲ ದಿಕ್ಕಿಗೂ ಸಮ ಅನ್ನುವುದರಿಂದ ‘ಎ’ ಮತ್ತು ‘ಬಿ’ ನಡುವೆ ಒಂದು ಸಮೀಕರಣ ಹುಟ್ಟುತ್ತದೆ. ಹಾಗೇ ನೋಡಿದರೆ ಹೆದರಿಕೆ ಆಗುವಂಥದ್ದು. ಆದರೆ ಎರಡು ಬದಲಾವಣೆ ಮಾಡಿ: ತ್ರಿಜ್ಯ ‘ಆರ್’ ಬದಲು ಅದರ ವರ್ಗವನ್ನು ಚರವಾಗಿ ತೆಗೆದುಕೊಳ್ಳಿ, ‘ಬಿ’ ಬದಲು ‘ಬಿ’ಯ ವಿಲೋಮ ತೆಗೆದುಕೊಳ್ಳಿ. ಆಗ ಮೂರೇ ಪದ ಉಳಿಯುತ್ತವೆ, ‘ಎ’ಯಲ್ಲಿ ನೇರ ಸಮೀಕರಣ, ಕಾಲದ ಡೆರಿವೇಟಿವ್ ಒಂದೂ ಇಲ್ಲ. ಈ ಕ್ಷೇತ್ರದಲ್ಲಿ ಬಂದ ನೂರಾರು ಪರಿಹಾರಗಳೆಲ್ಲ ಈ ಮೂರು ಪದದ ಸಮೀಕರಣದ ಮಕ್ಕಳೇ. ನಾವು ಅತಿ ಸುಲಭದ್ದನ್ನು ತೆಗೆದುಕೊಳ್ಳೋಣ. ‘ಬಿ’ ಬರೀ ಕಾಲದ ಮೇಲೆ ಅವಲಂಬಿಸಲಿ. ಆಗ ಸಮೀಕರಣ ಹೇಳುವುದು ಇಷ್ಟೇ: ‘ಎ’ ಅನ್ನುವುದು ‘ಆರ್’ನ ವರ್ಗದಲ್ಲಿ ನೇರ ಗೆರೆ. ಅಂದರೆ ಎ = 1 + (ಒಂದು ಸಂಖ್ಯೆ) × ಆರ್². ಬ್ಯಾನರ್ಜಿ, ಚಟರ್ಜಿ ಮತ್ತು ದಧಿಚ್ 2002ರಲ್ಲಿ ಇಂಥದ್ದೇ ಒಂದು ಮಾದರಿಯಿಂದ ದಿಗಂತವೇ (ಬೆಳಕೂ ಹೊರಗೆ ಬರಲಾಗದ ಕಪ್ಪುಕುಳಿಯ ಅಂಚು) ಮೂಡದ ಕುಸಿತವನ್ನು ತೋರಿಸಿದ್ದರು. ನಾವು ಅದೇ ದಾರಿಯಲ್ಲಿ ಸ್ವಲ್ಪ ದೂರ ಹೋಗಿ, ಕೊನೆಗೆ ಅದನ್ನು ಒಮ್ಮೆ ಅಲುಗಾಡಿಸಿ ನೋಡೋಣ.

ಆ ಸಂಖ್ಯೆಯನ್ನು ನಾನು 1/2 ಅಂತ ಇಡುತ್ತೇನೆ, ಮೇಲ್ಮೈಯನ್ನು ಆರ್ = 1ರಲ್ಲಿ. ಯಾಕೆ 1/2? ಭೌತಶಾಸ್ತ್ರದ ಕಾರಣ ಏನೂ ಇಲ್ಲ, ಉತ್ತರಗಳು ಪೂರ್ಣ ಸಂಖ್ಯೆಗಳಲ್ಲಿ ಬರುತ್ತವೆ. ಬೇರೆ ಸಂಖ್ಯೆಗಳನ್ನು ನೀವೇ ಆಮೇಲೆ ಹಾಕಿ ನೋಡಿ. ‘ಬಿ’ ಬದಲಾಗುವ ವೇಗವನ್ನು ‘ವ’ ಅನ್ನೋಣ. ಕುಸಿತ ಅಂದರೆ ‘ವ’ ಋಣಾತ್ಮಕ.

ಐನ್‌ಸ್ಟೈನ್ ಸಮೀಕರಣಕ್ಕೆ ಹಾಕಿದರೆ, ಎಲ್ಲದಕ್ಕೂ ಸಾಮಾನ್ಯವಾದ ಒಂದು ಗುಣಕ (8π, ಎ², ಬಿ² ಸೇರಿದ್ದು) ಹೊರಗೆ ತೆಗೆದ ಮೇಲೆ ಇಷ್ಟು ಉಳಿಯುತ್ತದೆ:

ಸಾಂದ್ರತೆ = 3ವ²
ಒತ್ತಡ = 2ಎ − ವ² − 2 × ಬಿ × (ವ ಬದಲಾಗುವ ದರ)
ಶಾಖದ ಹರಿವು = −2 × ಆರ್ × ವ

ಶಾಖದ ಸಾಲು ನೋಡಿ. ‘ವ’ ಋಣಾತ್ಮಕ ಆದ್ದರಿಂದ ಹರಿವು ಧನಾತ್ಮಕ, ಅಂದರೆ ಹೊರಗೆ. ಕೇಂದ್ರದಲ್ಲಿ ಸೊನ್ನೆ. ಸರಿಯಾಗಿದೆ, ಕೇಂದ್ರದಲ್ಲಿ ಯಾವ ದಿಕ್ಕಿಗೆ ಅಂತ ಹರಿಯುತ್ತದೆ? ಇಂಥ ಸಣ್ಣ ತಪಾಸಣೆಗಳನ್ನು ಪ್ರತಿ ಸಾಲಿಗೂ ಮಾಡಿ. ನನ್ನ ಅನುಭವದಲ್ಲಿ ಮುಕ್ಕಾಲು ತಪ್ಪುಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಹೊಲಿಗೆ

ಒಳಗಿನದೂ ಹೊರಗಿನದೂ ಮೇಲ್ಮೈಯಲ್ಲಿ ಸೇರಬೇಕು. 1927ರಲ್ಲಿ ದಾರ್ಮ್ವಾ ಇದಕ್ಕೆ ಷರತ್ತು ಕೊಟ್ಟರು, 1966ರಲ್ಲಿ ಇಸ್ರೇಲ್ ಅದನ್ನು ಇನ್ನೂ ವಿಸ್ತರಿಸಿದರು. ಸರಳವಾಗಿ ಹೇಳುವುದಾದರೆ ಎರಡು ಬಟ್ಟೆ ತುಂಡು ಹೊಲಿದಂತೆ: ಅಂಚಿನ ಉದ್ದ ಎರಡೂ ಕಡೆ ಒಂದೇ ಇರಬೇಕು, ಹೊಲಿದ ಮೇಲೆ ಅಲ್ಲಿ ಮಡಿಕೆ ಬೀಳಬಾರದು. ಮೊದಲನೆಯದರಿಂದ ಮೇಲ್ಮೈಯ ತ್ರಿಜ್ಯ ಎರಡೂ ಕಡೆ ಒಂದೇ ಆಗುತ್ತದೆ. ಎರಡನೆಯದರಿಂದ ಎರಡು ವಿಷಯ ಸಿಗುತ್ತವೆ. ಒಂದು, ವೈದ್ಯ ದ್ರವ್ಯರಾಶಿ ಅಂದರೆ ಮೇಲ್ಮೈಯ ಒಳಗಿರುವ ಮಿಸ್ನರ್–ಶಾರ್ಪ್ ದ್ರವ್ಯರಾಶಿಯೇ (ಒಂದು ಗೋಳದೊಳಗಿನ ಒಟ್ಟು ಶಕ್ತಿಯ ಲೆಕ್ಕ). ಇನ್ನೊಂದು ಇಡೀ ಕತೆಯ ಜೀವಾಳ:

ಮೇಲ್ಮೈಯಲ್ಲಿ ಒತ್ತಡ = ಶಾಖದ ಹರಿವು.

ಒತ್ತಡ ಸೊನ್ನೆ ಅಲ್ಲ. ಇದನ್ನು ಸ್ಪಷ್ಟವಾಗಿ ತೋರಿಸಿದ್ದು ಸ್ಯಾಂಟೋಸ್, 1985ರಲ್ಲಿ. ಅಂದರೆ ವೈದ್ಯ ಮೆಟ್ರಿಕ್ ಬಂದು ನಾಲ್ಕು ದಶಕ ಆದ ಮೇಲೆ! ನಕ್ಷತ್ರದ ಅಂಚಿನಲ್ಲಿ ಒತ್ತಡ ಸೊನ್ನೆ ಅಂತ ಓದಿಕೊಂಡು ಬಂದವರಿಗೆ ಇದು ಮೊದಲು ಒಗ್ಗುವುದಿಲ್ಲ. ಆದರೆ ಯೋಚಿಸಿ: ಬೆಳಕು ಹೊರಗೆ ಹಾರುವಾಗ ಹಿಂದಕ್ಕೆ ಒಂದು ತಳ್ಳು ಕೊಡುತ್ತದೆ, ಬಂದೂಕು ಹಾರಿಸಿದವನ ಭುಜಕ್ಕೆ ಬೀಳುವ ಹಾಗೆ. ಆ ತಳ್ಳನ್ನು ತಡೆಯಲು ಅಂಚಿನಲ್ಲಿ ಒತ್ತಡ ಇರಲೇಬೇಕು. ಬೆಳಕು ಬಿಡುವ ನಕ್ಷತ್ರಕ್ಕೆ ಅಂಚಿನ ಒತ್ತಡ ಸೊನ್ನೆ ಅಂತ ಇಟ್ಟಿದ್ದರೆ, ಶಾಖವೂ ಸೊನ್ನೆ ಆಗಿ ನೀವು ಮತ್ತೆ ಆ ಬೆಳಕಿಲ್ಲದ ಉಂಡೆಗೇ ವಾಪಸ್.

ಈಗ ನಮ್ಮ ಸಾಲುಗಳನ್ನು ಹಾಕಿ. ಮೇಲ್ಮೈಯಲ್ಲಿ ಆರ್ = 1, ಎ = 3/2. ಜೋಡಿಸಿದರೆ:

2 × ಬಿ × (ವ ಬದಲಾಗುವ ದರ) = (3 − ವ)(1 + ವ)

ಇಡೀ ನಕ್ಷತ್ರದ ಭವಿಷ್ಯ ಈ ಒಂದು ಸಾಲಿನಲ್ಲಿದೆ. ನಾಲ್ಕು ಆಯಾಮದ ದೇಶಕಾಲದಿಂದ ಹೊರಟು ಕೊನೆಗೆ ಒಂದೇ ಚರದ ಸಮೀಕರಣಕ್ಕೆ ಬಂದು ನಿಂತಿದ್ದೇವೆ. ಈ ಮಟ್ಟಕ್ಕೆ ಇಳಿಯುವ ತನಕ ಯಾವ ಮಾದರಿಯನ್ನೂ ನಂಬಬೇಡಿ.

ಇದಕ್ಕೆ ಸುಲಭದ ಪರಿಹಾರ ಕಣ್ಣಿಗೇ ಕಾಣುತ್ತದೆ: ವ = −1. ಆಗ ಬಲಬದಿ ಸೊನ್ನೆ, ವೇಗ ಬದಲಾಗುವುದಿಲ್ಲ, ನಕ್ಷತ್ರ ಒಂದೇ ವೇಗದಲ್ಲಿ ಕುಗ್ಗುತ್ತಾ ಹೋಗುತ್ತದೆ. ಬಿ = −ಟಿ, ಕಾಲ ‘ಟಿ’ ಋಣಾತ್ಮಕದಿಂದ ಸೊನ್ನೆಯ ಕಡೆಗೆ ಬರುತ್ತದೆ.

ತಾಳೆ ನೋಡುವುದು

ಪರಿಹಾರ ಸಿಕ್ಕ ಕೂಡಲೇ ಸಂಭ್ರಮ ಬೇಡ. ಮೊದಲು ಭೌತಿಕವಾಗಿ ಸರಿ ಇದೆಯಾ ನೋಡಿ. ವ = −1 ಹಾಕಿದರೆ ಸಾಂದ್ರತೆ 3, ಒತ್ತಡ 1 + ಆರ್², ಶಾಖ 2 × ಆರ್ (ಅದೇ ಸಾಮಾನ್ಯ ಗುಣಕ ಬಿಟ್ಟು). ಮೇಲ್ಮೈಯಲ್ಲಿ ಒತ್ತಡ 2, ಶಾಖ 2. ಸೇರಿದೆ. ಕೇಂದ್ರದಲ್ಲಿ ಒತ್ತಡ ಸಾಂದ್ರತೆಯ ಮೂರನೇ ಒಂದು ಪಾಲು, ಬೆಳಕಿನ ಅನಿಲದಲ್ಲಿ ಇರುವ ಹಾಗೇ. ಅಂಚಿಗೆ ಬಂದರೆ ಮೂರನೇ ಎರಡು ಪಾಲು. ಇದು ನಿಜವಾದ ನಕ್ಷತ್ರದ ಅಂಚಿಗೆ ತುಂಬಾ ಜಾಸ್ತಿ, ಅದನ್ನು ಬಚ್ಚಿಡಬೇಡಿ. ಒತ್ತಡ 1 + ಆರ್² ಅಂತ ನೋಡಿ ಹೊರಗೆ ಹೋದಂತೆ ಏರುತ್ತದೆ ಅಂದುಕೊಳ್ಳಬೇಡಿ, ಹೊರಗೆ ತೆಗೆದಿಟ್ಟ ಗುಣಕದಲ್ಲಿ ‘ಎ’ಯ ವರ್ಗ ಕೆಳಗಡೆ ಇದೆ. ಅದನ್ನೂ ಸೇರಿಸಿದರೆ ಒತ್ತಡ ಕೇಂದ್ರದಿಂದ ಹೊರಗೆ ಇಳಿಯುತ್ತಲೇ ಹೋಗುತ್ತದೆ.

ಶಾಖ ಹರಿಯುವ ದ್ರವಕ್ಕೆ ಶಕ್ತಿಯ ಷರತ್ತು (ಇಂಥ ವಸ್ತು ಭೌತಿಕವಾಗಿ ಇರಬಹುದಾ ಅಂತ ನೋಡುವ ನಿಯಮ) ಸ್ವಲ್ಪ ಬೇರೆ. ಸಾಂದ್ರತೆ ಮತ್ತು ಒತ್ತಡದ ಮೊತ್ತ ಶಾಖದ ಎರಡರಷ್ಟಕ್ಕಿಂತ ಕಡಿಮೆ ಆಗಬಾರದು. ನಮ್ಮಲ್ಲಿ 4 + ಆರ್² ಒಂದು ಕಡೆ, 4 × ಆರ್ ಇನ್ನೊಂದು ಕಡೆ. ವ್ಯತ್ಯಾಸ ತೆಗೆದರೆ (2 − ಆರ್)². ವರ್ಗ ಯಾವತ್ತೂ ಋಣಾತ್ಮಕ ಆಗುವುದಿಲ್ಲ. ಪಾಸು. ಈ ಷರತ್ತನ್ನು ಬರೆಯದೆ ಬಿಟ್ಟ ಲೆಕ್ಕಗಳು ಬೇಕಾದಷ್ಟಿವೆ.

ಮುಂದೆ ದಿಗಂತ. ದ್ರವ್ಯರಾಶಿಯ ಎರಡರಷ್ಟನ್ನು ಮೇಲ್ಮೈ ತ್ರಿಜ್ಯದಿಂದ ಭಾಗಿಸಿ. 1 ಮುಟ್ಟಿದರೆ ಕಪ್ಪುಕುಳಿ. ನಮ್ಮ ಮಾದರಿಯಲ್ಲಿ ಇದು ವ²/ಎ², ಅಂದರೆ 4/9. ಕಾಲ ಎಲ್ಲೂ ಇಲ್ಲ! ನಕ್ಷತ್ರ ಕುಗ್ಗಿದಷ್ಟೂ ದ್ರವ್ಯರಾಶಿಯೂ ಅದೇ ಪ್ರಮಾಣದಲ್ಲಿ ಬೆಳಕಾಗಿ ಸೋರಿಹೋಗುತ್ತದೆ, ಅನುಪಾತ ಕದಲುವುದಿಲ್ಲ. ದಿಗಂತ ಮೂಡುವುದೇ ಇಲ್ಲ. ‘ಎ’ಯೊಳಗಿನ ಸಂಖ್ಯೆಯನ್ನು 1/2 ಬದಲು 0.1 ಮಾಡಿದರೆ ಅನುಪಾತ 0.20, 1 ಮಾಡಿದರೆ 0.54. ಎಷ್ಟು ದೊಡ್ಡದು ಮಾಡಿದರೂ 0.69 ದಾಟುವುದಿಲ್ಲ. (ಪ್ರತಿ ಸಲ ‘ವ’ ಕೂಡ ಹೊಸದಾಗಿ ಲೆಕ್ಕ ಹಾಕಬೇಕು, ಮರೆಯಬೇಡಿ.)

ಕೊನೆಯ ತಾಳೆ ನನಗೆ ತುಂಬಾ ಇಷ್ಟವಾದದ್ದು: ಹೊಳಪನ್ನು ಎರಡು ದಾರಿಯಲ್ಲಿ ಲೆಕ್ಕ ಹಾಕುವುದು.

ಒಂದನೇ ದಾರಿ. ಮೇಲ್ಮೈಯಲ್ಲಿ ನಿಂತವನಿಗೆ ಕಾಣುವ ಹೊಳಪು ಅಂದರೆ ಶಾಖದ ಹರಿವನ್ನು ಗೋಳದ ವಿಸ್ತೀರ್ಣದಿಂದ ಗುಣಿಸಿದ್ದು. ಗುಣಕಗಳನ್ನೆಲ್ಲ ವಾಪಸ್ ಹಾಕಿದರೆ 4/9 ಬರುತ್ತದೆ. ದೂರದವನಿಗೆ ಇದು ಕೆಂಪು ಪಲ್ಲಟದಿಂದ (ಹೊರಗೆ ಬರುವಾಗ ಬೆಳಕು ಶಕ್ತಿ ಕಳೆದುಕೊಂಡು ಕೆಂಪಿನ ಕಡೆಗೆ ಜಾರುವುದು) ಮಂಕಾಗುತ್ತದೆ. ಆ ಗುಣಕ 1/(1 + ವ/ಎ), ನಮ್ಮಲ್ಲಿ 3. ಹೊಳಪಿಗೆ ಇದು ಎರಡು ಸಲ ಬಡಿಯುತ್ತದೆ, ಪ್ರತಿ ಕಣದ ಶಕ್ತಿ ಕುಗ್ಗುವುದಕ್ಕೆ ಒಂದು ಸಲ, ಕಣಗಳು ತಡವಾಗಿ ಬರುವುದಕ್ಕೆ ಇನ್ನೊಂದು ಸಲ. ಹಾಗಾಗಿ 9ರಿಂದ ಭಾಗಿಸಿ: 4/81.

ಎರಡನೇ ದಾರಿ. ದ್ರವ್ಯರಾಶಿ 2ಬಿ/9. ಒಳಗಿನ ಕಾಲದಲ್ಲಿ ಅದು ಇಳಿಯುವ ದರ 2/9. ಒಳಗಿನ ಕಾಲದ ಒಂದು ಏಕಮಾನ ಅಂದರೆ ಮೇಲ್ಮೈ ಗಡಿಯಾರದಲ್ಲಿ 1.5, ದೂರದವನ ಗಡಿಯಾರದಲ್ಲಿ ಅದರ ಮೂರರಷ್ಟು, 4.5. ಭಾಗಿಸಿ: 2/9 ÷ 4.5 = 4/81.

ಎರಡೂ ಒಂದೇ. ಇದು ಸುಮ್ನೆ ಬರುವುದಿಲ್ಲ. ಒಂದನೇ ದಾರಿ ಒಳಗಿನ ವಸ್ತುವಿನಿಂದ ಹೊರಟಿತ್ತು, ಎರಡನೆಯದು ಹೊರಗಿನ ವೈದ್ಯ ದ್ರವ್ಯರಾಶಿಯಿಂದ. ಎಲ್ಲೋ ಒಂದು ಚಿಹ್ನೆ ಅಥವಾ ಎರಡರ ಗುಣಕ ತಪ್ಪಿದ್ದರೂ ಇವು ಸೇರುತ್ತಿರಲಿಲ್ಲ.

ಹಾಗಾದರೆ ಇದು ನಿಜವಾದ ನಕ್ಷತ್ರವಾ? ಸಾಮಾನ್ಯ ಏಕಮಾನಕ್ಕೆ ತನ್ನಿ. ನಮ್ಮ ಏಕಮಾನದಲ್ಲಿ ಹೊಳಪು 1 ಅಂದರೆ 3.6×10⁵² ವ್ಯಾಟ್. ಅದರ 4/81 ಅಂದರೆ ಸುಮಾರು 1.8×10⁵¹ ವ್ಯಾಟ್. ಸೂರ್ಯನದ್ದು 3.8×10²⁶. ಸೂರ್ಯನಷ್ಟು ದ್ರವ್ಯರಾಶಿ ಇಷ್ಟು ಹೊಳಪಿನಲ್ಲಿ ಎಷ್ಟು ಹೊತ್ತು ಬಾಳುತ್ತದೆ? 81/4 × 4.93 ಮೈಕ್ರೊಸೆಕೆಂಡ್, ಅಂದರೆ 100 ಮೈಕ್ರೊಸೆಕೆಂಡ್. ಕಣ್ಣು ಮಿಟುಕಿಸುವ ಮುಂಚೆ ಇಡೀ ನಕ್ಷತ್ರ ಬೆಳಕಾಗಿ ಮಾಯ. 1987ಎ ತನ್ನ ನ್ಯೂಟ್ರಿನೊಗಳನ್ನು ಸುಮಾರು ಹನ್ನೆರಡು ಸೆಕೆಂಡುಗಳ ಅವಧಿಯಲ್ಲಿ ಬಿಟ್ಟಿತ್ತು, ಅದೂ ತನ್ನ ದ್ರವ್ಯರಾಶಿಯ ಸಣ್ಣ ಪಾಲನ್ನು ಮಾತ್ರ. ಹಾಗಾಗಿ ಇದು ಅಭ್ಯಾಸದ ಗೊಂಬೆ. ಗೊಂಬೆ ಅಂತ ಗೊತ್ತಿದ್ದರೆ ಗೊಂಬೆಯಿಂದ ಕಲಿಯುವುದು ಬಹಳ ಇದೆ.

ಒಂದು ಶೇಕಡಾ ತಳ್ಳಿ

ತುಂಬಾ ಜನ ಇಲ್ಲಿಗೇ ನಿಲ್ಲಿಸಿ ‘ಕಪ್ಪುಕುಳಿ ಆಗದ ಕುಸಿತ ಸಿಕ್ಕಿತು’ ಅಂತ ಬರೆದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಪರಿಹಾರವನ್ನು ಒಂದು ಚೂರು ತಳ್ಳಿ ನೋಡಿ. ಗೋಲಿ ಬಟ್ಟಲೊಳಗೆ ಕೂತಿದೆಯಾ ಅಥವಾ ಬಟ್ಟಲನ್ನು ಬೋರಲು ಹಾಕಿ ಅದರ ನೆತ್ತಿಯ ಮೇಲೆ ಕೂತಿದೆಯಾ? ಸುಮ್ಮನೆ ಕೂತ ಗೋಲಿ ನೋಡಿದರೆ ಎರಡೂ ಒಂದೇ ಥರ.

ಮೇಲಿನ ಒಂದು ಸಾಲಿನ ಸಮೀಕರಣವನ್ನು ಪೂರ್ತಿ ಬಿಡಿಸಬಹುದು. ಕಾಲದ ಬದಲು ‘ಬಿ’ಯನ್ನೇ ಚರವಾಗಿ ತೆಗೆದುಕೊಂಡು ಭಿನ್ನರಾಶಿ ಒಡೆದರೆ ಹೀಗೆ ಬರುತ್ತದೆ:

(3 − ವ)³ × |1 + ವ| × ಬಿ² = ಬದಲಾಗದ ಸಂಖ್ಯೆ

‘ಬಿ’ ಕುಗ್ಗಿದಂತೆ ಬಿ² ಕುಗ್ಗುತ್ತದೆ, ಹಾಗಾಗಿ ಉಳಿದದ್ದು ಬೆಳೆಯಲೇಬೇಕು. ವ = −1ರಿಂದ ಇರುವ ದೂರ ತ್ರಿಜ್ಯದ ವರ್ಗದ ವಿಲೋಮದಂತೆ ದೊಡ್ಡದಾಗುತ್ತದೆ. ಗೋಲಿ ಬೋರಲು ಬಟ್ಟಲ ಮೇಲೆ ಕೂತಿದೆ.

ಅಂಕಿ ಹಾಕಿ. ಬಿ = 1 ಇದ್ದಾಗ ‘ವ’ಯನ್ನು −1ರ ಬದಲು −1.01 ಮಾಡಿ. ಒಂದು ಶೇಕಡಾ ಜೋರು, ಅಷ್ಟೇ. ಬದಲಾಗದ ಸಂಖ್ಯೆ 0.645. ದಿಗಂತ ಮೂಡುವುದು ವ = −1.5 ಆದಾಗ (ಕೆಂಪು ಪಲ್ಲಟದ ಗುಣಕ ಅಲ್ಲೇ ಅನಂತ ಆಗುತ್ತದೆ). ಅಲ್ಲಿ (4.5)³ × 0.5 ಅಂದರೆ 45.6. ಭಾಗಿಸಿ ವರ್ಗಮೂಲ ತೆಗೆದರೆ ಬಿ = 0.119. ಅಂದರೆ ನಕ್ಷತ್ರ ಶುರುವಿನ ತ್ರಿಜ್ಯದ 12 ಶೇಕಡಾಕ್ಕೆ ಕುಗ್ಗಿದಾಗ ಕಪ್ಪುಕುಳಿ ಆಗುತ್ತದೆ. ಅಷ್ಟು ಹೊತ್ತಿಗೆ ದ್ರವ್ಯರಾಶಿಯ 74 ಶೇಕಡಾ ಬೆಳಕಾಗಿ ಹೋಗಿರುತ್ತದೆ, 26 ಉಳಿದಿರುತ್ತದೆ. ದೂರದವನಿಗೆ ಹೊಳಪು ಮಂಕಾಗುತ್ತಾ ಸೊನ್ನೆಗೆ ಬರುತ್ತದೆ. ಈ ದಾರಿಯುದ್ದಕ್ಕೂ ಆ ಶಕ್ತಿಯ ಷರತ್ತು ಮುರಿಯುವುದಿಲ್ಲ.

ಇನ್ನೊಂದು ಕಡೆ ತಳ್ಳಿ: −0.99. ಈಗ ಕುಸಿತ ನಿಧಾನವಾಗುತ್ತದೆ. ಬಿ = 0.153ರಲ್ಲಿ ವೇಗ ಸೊನ್ನೆ, ನಕ್ಷತ್ರ ನಿಂತು ವಾಪಸ್ ಹಿಗ್ಗಲು ಹೊರಡುತ್ತದೆ. ಸಿಕ್ಕಿತು ಪುಟಿದೇಳುವ ನಕ್ಷತ್ರ ಅಂತ ಕುಣಿಯುವ ಮುಂಚೆ ಶಕ್ತಿಯ ಷರತ್ತು ನೋಡಿ. ಸಾಂದ್ರತೆ 3ವ², ಒತ್ತಡ ಆರ್² − 1 − 2ವ, ಶಾಖ −2 × ಆರ್ × ವ. ಮೇಲ್ಮೈಯಲ್ಲಿ ಹಾಕಿದರೆ ವ = −2/3 ದಾಟಿದ ಕೂಡಲೇ ಷರತ್ತು ಮುರಿಯುತ್ತದೆ, ಅಂದರೆ ಬಿ = 0.197ರಲ್ಲೇ. ಸ್ವಲ್ಪ ಹೊತ್ತಿಗೆ, ಬಿ = 0.172ರಲ್ಲಿ, ಕೇಂದ್ರದ ಒತ್ತಡವೂ ಋಣಾತ್ಮಕ ಆಗುತ್ತದೆ. ಪುಟಿಯುವ ಹೊತ್ತಿಗೆ ಸಾಂದ್ರತೆಯೇ ಸೊನ್ನೆ. ಪುಟಿಯಲು ಅಲ್ಲಿ ನಕ್ಷತ್ರವೇ ಉಳಿದಿಲ್ಲ! ಹಾಗಾಗಿ ಈ ಕವಲನ್ನು 0.197ರಲ್ಲೇ ಕತ್ತರಿಸಿ ಬಿಸಾಡಿ.

ಒಟ್ಟಿನಲ್ಲಿ ಈ ಮಾದರಿಯಲ್ಲಿ ದಿಗಂತ ಇಲ್ಲದ ಕುಸಿತ ಇರುವುದು ಕೂದಲೆಳೆಯ ಮೇಲೆ. ಜೋರಾದರೆ ಕಪ್ಪುಕುಳಿ, ನಿಧಾನವಾದರೆ ಅಸಂಬದ್ಧ. ಇದರಿಂದ ಆ ಪರಿಹಾರ ತಪ್ಪು ಅಂತ ಆಗುವುದಿಲ್ಲ, ಸಮೀಕರಣವನ್ನು ಅದು ಚೊಕ್ಕವಾಗಿ ಪಾಲಿಸುತ್ತದೆ. ಆದರೆ ಪ್ರಕೃತಿ ಆ ಕೂದಲೆಳೆಯ ಮೇಲೆ ನಡೆಯುತ್ತದೆ ಅಂತ ಹೇಳಲು ಬೇರೆ ಕಾರಣ ಬೇಕು.

ಉಷ್ಣತೆ ಬೇಕಿದ್ದರೆ

ಇಲ್ಲಿಯವರೆಗೆ ಶಾಖ ಹರಿಯಿತು, ಉಷ್ಣತೆ ಬರಲೇ ಇಲ್ಲ. ಮೇಲ್ಮೈ ಉಷ್ಣತೆ ಸುಲಭ. ವ = −1ರಲ್ಲಿ ಮೇಲ್ಮೈ ಹೊಳಪು ಬದಲಾಗುವುದಿಲ್ಲ, ವಿಸ್ತೀರ್ಣ ಕುಗ್ಗುತ್ತದೆ. ಉಷ್ಣತೆಯ ನಾಲ್ಕನೇ ಘಾತಕ್ಕೆ ಹೊಳಪು ಹೊಂದಿಕೊಳ್ಳಬೇಕು, ಹಾಗಾಗಿ ತ್ರಿಜ್ಯ ಕಾಲು ಭಾಗ ಆದಾಗ ಉಷ್ಣತೆ ಎರಡು ಪಟ್ಟು. ಒಳಗಿನ ಉಷ್ಣತೆಗೆ ಶಾಖ ಸಾಗುವ ನಿಯಮ ಬೇಕು. ಎಕಾರ್ಟ್ 1940ರಲ್ಲಿ ಕೊಟ್ಟ ನಿಯಮ ಬಳಸಲು ಸುಲಭ, ಆದರೆ ಅದರಲ್ಲಿ ಶಾಖದ ಸುದ್ದಿ ಅನಂತ ವೇಗದಲ್ಲಿ ಹರಡುತ್ತದೆ. ಸಾಪೇಕ್ಷತೆಯ ಲೆಕ್ಕದೊಳಗೆ ಕೂತು ಬೆಳಕನ್ನೂ ಮೀರಿಸುವ ಶಾಖ ಇಟ್ಟುಕೊಳ್ಳುವುದು ಚೆನ್ನಾಗಿರುವುದಿಲ್ಲ. ಅದಕ್ಕೆ ಮ್ಯಾಕ್ಸ್‌ವೆಲ್–ಕಟಾನಿಯೊ ನಿಯಮ ಹಾಕಿ. ಅದರಲ್ಲಿ ಶಾಖ ಬದಲಾಗುವ ದರವನ್ನು ಒಂದು ಸಣ್ಣ ತಡದ ಕಾಲದಿಂದ ಗುಣಿಸಿ ಸೇರಿಸುತ್ತಾರೆ. ಉಳಿದದ್ದು ಎರಡರಲ್ಲೂ ಒಂದೇ. ನಮ್ಮ ನಕ್ಷತ್ರದಲ್ಲಿ ಶಾಖದ ಹರಿವು ಕಾಲ ಕಳೆದಂತೆ ಏರುತ್ತಿದೆ, ಆದ್ದರಿಂದ ಆ ಹೆಚ್ಚುವರಿ ಪದ ಧನಾತ್ಮಕ. ಅಂದರೆ ಉಷ್ಣತೆಯ ಇಳಿಜಾರು ಇನ್ನೂ ಕಡಿದಾಗಬೇಕು. ಮೇಲ್ಮೈ ಉಷ್ಣತೆ ಅದೇ ಇಟ್ಟರೆ ಒಳಗು ಎಕಾರ್ಟ್ ಹೇಳಿದ್ದಕ್ಕಿಂತ ಜಾಸ್ತಿ ಬಿಸಿ.

ಇಷ್ಟು ಮಾಡಿದ ಮೇಲೆ ಕೈ ಕೂತಿದೆಯಾ ಅಂತ ನೋಡಲು ಒಂದು ಶೇಕಡಾ ಬದಲು ಹತ್ತನೇ ಒಂದು ಶೇಕಡಾ ತಳ್ಳಿ, ವ = −1.001. ದಿಗಂತ ಬಿ = 0.0375ರಲ್ಲಿ ಬರಬೇಕು, ಉಳಿದ ದ್ರವ್ಯರಾಶಿ ಸುಮಾರು 8.4 ಶೇಕಡಾ. ಬೇರೆ ಬಂದರೆ ಮೊದಲು (3 − ವ)ಯಲ್ಲಿ ‘ವ’ದ ಚಿಹ್ನೆ ನೋಡಿ, ನಾನು ಮೊದಲ ಸಲ ಅಲ್ಲಿ 4.001 ಬದಲು 1.999 ಹಾಕಿಕೊಂಡಿದ್ದೆ.